ಕೀ ತೆಗೆದ ಮೇಲೂ ಓಡಿದ ಕಾರು

"ಇನ್ನೊಂದ್ಸಲ ನೋಡ್ತೀರಾ ಸರ್ವೇಯರಮ್ಮ, ಇಲ್ಲ ಮನೆಗೆ ಹೋಗ್ತೀರಾ?"

ಇನ್‌ಸ್ಪೆಕ್ಟರು ಕಾರಿನ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರ ತಿರುಗಿಸಿದರು. ಅವರು ಸ್ಟಾರ್ಟ್ ಮಾಡಿದ್ದರು, ಇಂಜಿನ್ ಹತ್ತಿತ್ತು. ಕೀ ತಿರುಗಿಸಿ ಹೊರಗೆಳೆದಿದ್ದರು, ಇಂಜಿನ್ ನಿಂತಿತ್ತು. ಯಾವ ಕಾರಾದರೂ ಮಾಡುವುದೇ ಅದು. ಆದರೆ ಈ ಕಾರು ಹಾಗೆ ಮಾಡಬಾರದೆಂದು, ಒಂದು ಕಾಲದಲ್ಲಿ ವಿಮೆ ಸರ್ವೇಯರಾಗಿದ್ದ ನಾನು ಬೆಳಗಿನಿಂದ ಮನಸ್ಸಿನಲ್ಲೇ ಬೇಡಿಕೊಂಡಿದ್ದೆ.

ಹಲ್ಲಿನ ಡಾಕ್ಟರು ಸತ್ತದ್ದು ಇದೇ ಶೆಡ್ಡಿನಲ್ಲಿ, ಇದೇ ಹಳೆಯ ಜರ್ಮನ್ ಡೀಸೆಲ್ ಕಾರಿನ ಹಿಂಬದಿಗೂ ಗೋಡೆಗೂ ನಡುವೆ ಸಿಕ್ಕಿ. ಕಾರಿಗಿದ್ದದ್ದು ಒಂದೇ ಒಂದು ಕೀ, ಅದು ಸಿಕ್ಕಿದ್ದು ನನ್ನ ಭಾವನ ಜೇಬಿನಲ್ಲಿ.

ಭಾವ ಮೆಕ್ಯಾನಿಕ್. ಡಾಕ್ಟರ ಕಾರನ್ನು, ನನ್ನ ಅಕ್ಕನನ್ನು ಮದುವೆಯಾಗುವ ಮುಂಚಿನಿಂದಲೂ ಅವನೇ ನೋಡಿಕೊಳ್ಳುತ್ತಿದ್ದ. ಹಿಂದಿನ ಬಾಗಿಲಿನ ಲಾಕು ಕೆಟ್ಟಿದೆಯೆಂದು ಆ ದಿನ ಬಂದಿದ್ದ. ಪೊಲೀಸರ ಮುಂದೆ ಅವನು ಹೇಳಿದ್ದು ಇಷ್ಟೇ: ಕೀ ತೆಗೆದೆ, ಆದರೂ ಇಂಜಿನ್ ನಿಲ್ಲಲಿಲ್ಲ, ಬೇಗ ಬರುತ್ತೇನಲ್ಲ ಎಂದು ಅದನ್ನು ಓಡಲು ಬಿಟ್ಟು ರಬ್ಬರ್ ತರಲು ನನ್ನ ಅಂಗಡಿಗೆ ಹೋದೆ, ವಾಪಸು ಬರುವಷ್ಟರಲ್ಲಿ ಹೀಗಾಗಿತ್ತು. ಠಾಣೆಯಲ್ಲಿ ಎಲ್ಲರೂ ನಕ್ಕಿದ್ದರು. ಕೀ ತೆಗೆದರೂ ಕಾರು ಓಡುವುದೆಂದರೆ ಯಾರು ತಾನೇ ನಂಬುತ್ತಾರೆ?

ಸಂಜೆ ಅವನನ್ನು ಕೋರ್ಟಿಗೆ ಹಾಜರುಪಡಿಸುವವರಿದ್ದರು. ಅಲ್ಲಿಂದ ಜೈಲು. ಅಕ್ಕನಿಗೆ ನಾನು ಮಾತು ಕೊಟ್ಟಿದ್ದೆ, ರಾತ್ರಿ ಊಟಕ್ಕೆ ಭಾವ ಮನೆಯಲ್ಲಿರುತ್ತಾನೆ ಎಂದು. ನನ್ನ ನಾಲಿಗೆಗೆ ಹಿಡಿತವಿಲ್ಲ, ಅದು ನನ್ನ ಹಳೆಯ ರೋಗ.

"ಇನ್ನೊಂದ್ಸಲ ನೋಡೋಣ ಸಾರ್," ಎಂದೆ.

"ಸರಿ, ನೋಡಿ. ನನಗೇನು, ಸರ್ಕಾರದ ಡೀಸೆಲ್ಲು."

ಶೆಡ್ಡಿನಲ್ಲಿ ಗ್ರೀಸಿನ ವಾಸನೆ, ತೇವದ ವಾಸನೆ, ಅವೆರಡರ ಮೇಲೆ ಡಾಕ್ಟರ ತಮ್ಮ ಸುರಿದುಕೊಂಡು ಬಂದಿದ್ದ ಸೆಂಟಿನ ವಾಸನೆ. ಆತ ಗೋಡೆಗೆ ಒರಗಿ ಆಗಾಗ ಗಡಿಯಾರ ನೋಡುತ್ತಿದ್ದ. ಅಣ್ಣ ಸತ್ತ ಮಾರನೆಯ ದಿನವೇ ಕಾರು ಮಾರುವ ಮಾತಾಡಿದ್ದ ಮಹಾನುಭಾವ. ನನ್ನ ಅನುಮಾನವೆಲ್ಲ ಆತನ ಮೇಲೆಯೇ ಇತ್ತು, ಮುಚ್ಚಿಡುವುದೇನು.

ಭಾವ ಕಾರಿನ ಹಿಂದೆ, ಗೋಡೆಯ ಹತ್ತಿರ ನಿಂತಿದ್ದ. ಡಾಕ್ಟರು ಎಲ್ಲಿ ನಿಂತಿದ್ದರೋ ಅಲ್ಲೇ ನಿಂತು ತೋರಿಸೆಂದು ಇನ್‌ಸ್ಪೆಕ್ಟರು ಅವನನ್ನು ಅಲ್ಲಿ ನಿಲ್ಲಿಸಿದ್ದರು. ಕೈಗೆ ಬೇಡಿ. ಕಾರನ್ನು ಗೋಡೆಯಿಂದ ಒಂದಾಳು ಓಡಾಡುವಷ್ಟು ಮುಂದಕ್ಕೆ ತಂದು ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟಿದ್ದರು.

ಅಕ್ಕ ಶೆಡ್ಡಿನ ಬಾಗಿಲಲ್ಲಿ, ಹೊಸಿಲು ದಾಟದೆ ನಿಂತಿದ್ದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಣ್ಣೆ ಸಿಡಿಯಿತು ಎಂದಿದ್ದಳು. ಪೊಲೀಸರಿಗೆ ಅವಳು ಹೇಳಿದ್ದೂ ಒಂದೇ ಮಾತು: ಈ ಶೆಡ್ಡಿನೊಳಗೆ ನಾನು ಕಾಲಿಟ್ಟವಳೇ ಅಲ್ಲ, ಆ ಕಾರನ್ನು ದೂರದಿಂದ ನೋಡಿದ್ದು ಅಷ್ಟೇ.

ಇನ್ನು ಅಮ್ಮ. ಎಷ್ಟು ಬೇಡವೆಂದರೂ ಕೇಳದೆ ಹೊರಟು ಬಂದಿದ್ದಳು. ಅಳಿಯನನ್ನು ನೋಡಬೇಕೆಂದು ಹಟ. ಎದುರು ರಸ್ತೆಯ ಅಂಚಿನಲ್ಲಿ ನನ್ನ ಡಕೋಟಾ ಕಾರಿನಲ್ಲಿ ಕೂತಿದ್ದಳು. ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದರೆ ನನಗೆ ಅರ್ಧ ನಗು, ಅರ್ಧ ಕಿರಿಕಿರಿ. ಹತ್ತಿ ಕೂತ ಕೂಡಲೇ ಲಾಕಿನ ಗುಂಡಿ ಒತ್ತುತ್ತಾಳೆ. ಇಳಿದ ಮೇಲೆ ಕಿಟಕಿಯೊಳಗೆ ಕೈ ಹಾಕಿ ಇನ್ನೊಮ್ಮೆ ಒತ್ತುತ್ತಾಳೆ. "ಗಾಜು ಇಳಿಸಿದೆಯಲ್ಲಮ್ಮ, ಲಾಕ್ ಮಾಡಿ ಏನು ಸುಖ?" ಎಂದರೆ, "ನಿನಗೇನು ಗೊತ್ತು, ಸುಮ್ನಿರು" ಎನ್ನುತ್ತಾಳೆ. ಇದೇ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುತ್ತ, ಇಕ್ಕಳ ತೊಳೆಯುತ್ತ ಎಷ್ಟೋ ವರ್ಷ ದುಡಿದವಳು. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಳು. ಯಾಕೆಂದು ನಮಗ್ಯಾರಿಗೂ ಹೇಳಲಿಲ್ಲ.

ನಾನು ಚೀಲದಿಂದ ಪೊಲೀಸ್ ಫೋಟೋದ ಪ್ರತಿ ತೆಗೆದೆ. ಶವ ಸಾಗಿಸಿದ ಮೇಲೆ, ಕಾರಿನ ಬಾಗಿಲನ್ನು ಯಾರೂ ಮುಟ್ಟುವ ಮೊದಲು ತೆಗೆದದ್ದು.

"ಇದರಲ್ಲಿ ಏನು ಕಾಣಿಸ್ತಿದೆ ಸಾರ್?"

"ಕಾರು."

"ಬಾಗಿಲು ನೋಡಿ. ಡ್ರೈವರ್ ಕಡೆ ಗಾಜು ಪೂರ್ತಿ ಕೆಳಗಿದೆ. ಆದರೆ ಲಾಕಿನ ಗುಂಡಿ?"

ಅವರು ಫೋಟೋವನ್ನು ಬೆಳಕಿಗೆ ಹಿಡಿದರು. "ಒಳಗೆ ಹೋಗಿದೆ."

"ನಾಲ್ಕೂ ಬಾಗಿಲದ್ದೂ ಒಳಗೆ ಹೋಗಿದೆ. ಆಮೇಲೆ ನಿಮ್ಮವರು ಗುಂಡಿ ಮೇಲಕ್ಕೆತ್ತಿ ಬಾಗಿಲು ತೆಗೆದರು. ಅವತ್ತು ನೀವು ಪರೀಕ್ಷೆ ಮಾಡಿದಾಗ್ಲೂ ಗುಂಡಿ ಮೇಲಿತ್ತು, ಈಗ್ಲೂ ಮೇಲಿದೆ. ಕೂತ್ಕೊಳ್ಳಿ ಸಾರ್. ಬಾಗಿಲು ಹಾಕಿ, ಗುಂಡಿ ಒತ್ತಿ. ಆಮೇಲೆ ಕೀ ತೆಗೀರಿ."

ನಾನು ಇದನ್ನು ಹೇಳುವಾಗ ಭಾವನ ಕಡೆ ನೋಡಿದೆ. ಅವನ ಮುಖ ಅರಳಬೇಕಿತ್ತು. ಅರಳಲಿಲ್ಲ. ಅವನು ನನ್ನನ್ನೇ ದುರುಗುಟ್ಟಿ ನೋಡುತ್ತ, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದ. ಬೇಡ ಎಂದು.

ಬೆಳಗಿನಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಅದೇ. ಈ ಕಾರಿನ ಒಂದೊಂದು ಬೋಲ್ಟೂ ಗೊತ್ತಿದ್ದವನು, ಲಾಕಿನ ವಿಷಯವನ್ನು ಪೊಲೀಸರಿಗೆ ಯಾಕೆ ಬಾಯಿಬಿಟ್ಟು ಹೇಳಿರಲಿಲ್ಲ?

ಆದರೆ ಇನ್‌ಸ್ಪೆಕ್ಟರು ಆಗಲೇ ಕೂತಿದ್ದರು.

"ಈ ದರಿದ್ರದ್ದನ್ನ ಸ್ಟಾರ್ಟ್ ಮಾಡೋಕೂ ತಪಸ್ಸು ಮಾಡ್ಬೇಕು," ಎಂದು ಡಾಕ್ಟರ ತಮ್ಮ ಗೋಡೆಯ ಬಳಿಯಿಂದಲೇ ಗೊಣಗಿದ. "ಆ ಹಳದಿ ದೀಪ ಆರೋವರೆಗೂ ಕಾಯ್ಬೇಕು. ಚಳಿ ಇದ್ರೆ ಅಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಕಿಲೋಮೀಟರ್ ಮುಳ್ಳು ಸತ್ತು ಯಾವ ಕಾಲವಾಯ್ತೋ. ಮಳೆ ಬಂದ್ರೆ ಮೇಲಿನ ಕಿಂಡಿಯಿಂದ ನೀರು ನೆತ್ತಿಗೇ ಬೀಳುತ್ತೆ. ನಮ್ಮಣ್ಣ ಛತ್ರಿ ಹಿಡ್ಕೊಂಡು ಓಡಿಸ್ತಿದ್ದ, ಆದರೂ ಮಾರಲಿಲ್ಲ. 'ಇಂಥಾ ಇಂಜಿನ್ ಇನ್ನು ಹುಟ್ಟಲ್ಲ ಕಣೋ' ಅಂತಿದ್ದ. ಬಿಟ್ಟುಹೋದ ಹೆಂಡತೀನ ಒಂದು ದಿನಾನೂ ಅಷ್ಟು ಹೊಗಳಿರಲಿಲ್ಲ."

ಹಳದಿ ದೀಪ ಆರಿತು. ಇಂಜಿನ್ ಕೆಮ್ಮಿ, ನಡುಗಿ, ಎದ್ದಿತು. ಹಳೆಯ ಡೀಸೆಲ್ಲಿನ ಆ ಗಡಗಡ ಸದ್ದು ಸಣ್ಣ ಶೆಡ್ಡಿನಲ್ಲಿ ಎದೆಗೇ ಬಡಿಯುತ್ತಿತ್ತು. ಇನ್‌ಸ್ಪೆಕ್ಟರು ಗುಂಡಿ ಒತ್ತಿದರು. ನಾಲ್ಕೂ ಬಾಗಿಲುಗಳಲ್ಲಿ ಒಟ್ಟಿಗೆ 'ಟಕ್' ಎಂದಿತು. ಹಿಂದಿನ ಒಂದು ಬಾಗಿಲೊಳಗಿಂದ ಸಣ್ಣಗೆ ಉಸಿರು ಬಿಟ್ಟಂತೆ 'ಸ್‌ಸ್‌ಸ್' ಎಂದು ಶುರುವಾಯಿತು.

ಅವರು ಕೀ ತಿರುಗಿಸಿದರು. ಹೊರಗೆಳೆದು ಅಂಗೈಯಲ್ಲಿ ಹಿಡಿದರು.

ಇಂಜಿನ್ ಓಡುತ್ತಲೇ ಇತ್ತು.

ಇನ್‌ಸ್ಪೆಕ್ಟರು ಕೈಯಲ್ಲಿದ್ದ ಕೀಯನ್ನೊಮ್ಮೆ ನೋಡಿದರು, ಕೀಯ ತೂತನ್ನೊಮ್ಮೆ ನೋಡಿದರು. ಅವರ ಜೀವಮಾನದಲ್ಲಿ ಯಾವ ಕಳ್ಳನೂ ಅವರಿಗೆ ಹೀಗೆ ಎದುರಾಡಿರಲಿಕ್ಕಿಲ್ಲ.

"ಇದೇನ್ರೀ ಇದು, ದೆವ್ವ ಹೊಕ್ಕಿದೆಯಾ?"

"ದೆವ್ವ ಅಲ್ಲ ಸಾರ್, ಅತಿ ಬುದ್ಧಿವಂತಿಕೆ," ನಾನು ಇಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ ಕೂಗಿ ಹೇಳಿದೆ. "ಈ ಕಾರಲ್ಲಿ ಇಂಜಿನ್ ನಿಲ್ಲಿಸೋದೂ, ಬಾಗಿಲಿನ ಲಾಕು ಹಾಕೋದೂ ಎರಡೂ ಗಾಳಿಯ ಎಳೆತದಿಂದ. ಒಂದೇ ಪಂಪು ಗಾಳಿ ಎಳೀತದೆ, ಸಣ್ಣ ಸಣ್ಣ ಕೊಳವೆಗಳು ಎಲ್ಲಾ ಕಡೆ ಓಡ್ತವೆ. ಹಿಂದಿನ ಬಾಗಿಲೊಳಗೆ ಒಂದು ರಬ್ಬರ್ ಹರಿದಿದೆ. ಲಾಕು ಹಾಕಿದಾಗ ಮಾತ್ರ ಅಲ್ಲಿ ಗಾಳಿ ಸೋರುತ್ತೆ. ಸೋರಿದ್ರೆ ಇಂಜಿನ್ ನಿಲ್ಸೋಕೆ ಬೇಕಾದ ಎಳೆತ ಸಿಗಲ್ಲ."

"ಬಾಗಿಲಿನ ಲಾಕು ಕೆಟ್ರೆ ಇಂಜಿನ್ ನಿಲ್ಲಲ್ವಾ? ಯಾವ ಮಹಾಶಯ ಕಣ್ರೀ ಇದನ್ನ ಮಾಡಿದ್ದು?"

"ಅವರ ಲೆಕ್ಕದಲ್ಲಿ ರಬ್ಬರ್ ಹರಿಯೋದೇ ಇಲ್ಲ ಸಾರ್."

ವಿಮೆ ಕಂಪನಿಗೆ ಜಜ್ಜಿದ ಕಾರುಗಳನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿ ಇಂಥದ್ದೊಂದು ಕಾರು ನನ್ನ ಕೈಗೆ ಬಂದಿತ್ತು. ಬಾಗಿಲು ನಜ್ಜುಗುಜ್ಜಾಗಿತ್ತು, ಇಂಜಿನ್ ಮಾತ್ರ ನಿಲ್ಲಲೊಲ್ಲದು. ಫೋಟೋದಲ್ಲಿ ಆ ಗುಂಡಿಗಳನ್ನು ಕಂಡಾಗ ಅದೇ ನೆನಪಾಗಿತ್ತು.

ಇನ್‌ಸ್ಪೆಕ್ಟರು ಗುಂಡಿ ಎತ್ತದೆ, ಕಿಟಕಿಯಿಂದ ಕೈ ಹೊರಹಾಕಿ ಹೊರಗಿನ ಹಿಡಿ ಎಳೆಯಲು ನೋಡಿದರು. ತೆರೆಯಲಿಲ್ಲ. ಕೊನೆಗೆ ಒಳಗಿನ ಹಿಡಿ ಎಳೆದಾಗ ಗುಂಡಿ ತಾನಾಗೇ ಮೇಲೆದ್ದಿತು, ಅವರು ಇಳಿದರು. ನಾನು ತಕ್ಷಣ ಬಾಗಿಲು ಹಾಕಿ, ಕಿಟಕಿಯೊಳಗಿಂದ ಕೈ ಚಾಚಿ ಗುಂಡಿ ಮತ್ತೆ ಒತ್ತಿದೆ. ಇಂಜಿನ್ ಇನ್ನೇನು ನಿಲ್ಲುವಂತೆ ಮುಗ್ಗರಿಸಿ ಮತ್ತೆ ಚೇತರಿಸಿಕೊಂಡಿತು.

"ಅಂದ್ರೆ ಕೀ ಇಲ್ದೆ ಯಾರು ಬೇಕಾದ್ರೂ ಗೇರ್ ಹಾಕಬಹುದಿತ್ತು," ಎಂದರು ನಿಧಾನವಾಗಿ.

"ಹಾಕಬಹುದಿತ್ತು. ಆದರೆ ಒಂದು ವಿಷಯ ಇದೆ ಸಾರ್. ಇವರು ಬಂದು ನೋಡಿದಾಗ ಇಂಜಿನ್ ನಿಂತಿತ್ತು ಅಂತ ಇವರೇ ಹೇಳಿಕೆ ಕೊಟ್ಟಿದಾರೆ." ಡಾಕ್ಟರ ತಮ್ಮನ ಕಡೆ ಕೈ ತೋರಿಸಿದೆ. "ಗುಂಡಿ ಎತ್ತಿಟ್ರೆ ತಾನಾಗೇ ನಿಲ್ಲುತ್ತೆ, ಆದರೆ ಫೋಟೋದಲ್ಲಿ ಗುಂಡಿ ಕೆಳಗೇ ಇದೆ. ಹಾಗಾದ್ರೆ ನಿಲ್ಲಿಸಿದ್ದು ಹೇಗೆ? ಇನ್ನೊಂದೇ ದಾರಿ. ಅದು ಗೊತ್ತಿರೋರೇ ಡಾಕ್ಟರನ್ನ ಕೊಂದಿದಾರೆ."

ಗೆದ್ದೆ, ನನ್ನ ಬೇಳೆ ಬೆಂದಿತು ಎಂದುಕೊಂಡೆ. ಆತ್ಮವಿಶ್ವಾಸದಲ್ಲಿ ನನಗೆ ಸಾಟಿಯಿಲ್ಲ.

"ನೀವು ನಿಲ್ಲಿಸಿ ನೋಡೋಣ," ಎಂದೆ ಆತನಿಗೆ.

"ನಾನಾ?"

"ನಿಮ್ಮಣ್ಣನ ಕಾರು ತಾನೇ?"

"ರೀ, ನಾನು ಇದರಲ್ಲಿ ಹತ್ತಿದ್ದೇ ಅಪರೂಪ. ನನಗೆ ಹೇಗ್ರೀ ಗೊತ್ತು?"

"ಪ್ರಯತ್ನ ಮಾಡಿ," ಎಂದರು ಇನ್‌ಸ್ಪೆಕ್ಟರು. ಅವರ ದನಿ ಬದಲಾಗಿತ್ತು.

ಆತನ ಹಣೆಯಲ್ಲಿ ಬೆವರು ಒಡೆಯಿತು. ಕಿಟಕಿಯೊಳಗೆ ತಲೆ ತೂರಿಸಿ ಅದನ್ನು ಇದನ್ನು ತಡಕಿದ. ಒಂದು ತಿರುಪು ತಿರುಗಿಸಿದ. ಇಂಜಿನ್ ನಿಲ್ಲುವ ಬದಲು ಇನ್ನಷ್ಟು ಜೋರಾಗಿ ಅಬ್ಬರಿಸಿತು. ಇಂಜಿನ್ನಿನ ಓಟ ಹೆಚ್ಚಿಸುವ ತಿರುಪು ಅದು, ನೋಡಲು ಹೀಟರಿನದ್ದರ ಹಾಗೆಯೇ ಇರುತ್ತದೆ. ಆತ ಇನ್ನಷ್ಟು ಗಾಬರಿಯಾದ.

"ಬಾನೆಟ್! ಬಾನೆಟ್ ತೆಗೀಬೇಕು ಅನ್ಸುತ್ತೆ!" ಎಂದು ಕೂಗಿ ಸ್ಟೀರಿಂಗಿನ ಪಕ್ಕದ ಹಿಡಿಯೊಂದನ್ನು ಜಗ್ಗಿದ.

ಅದು ಬಾನೆಟ್ಟಿನದಲ್ಲ. ಈ ಕಾರಿನಲ್ಲಿ ಪಾರ್ಕಿಂಗ್ ಬ್ರೇಕನ್ನು ಕಾಲಲ್ಲಿ ತುಳಿದು ಹಾಕಬೇಕು, ಕೈಯಲ್ಲಿ ಎಳೆದು ಬಿಡಬೇಕು. ಬಾನೆಟ್ಟಿನ ಹಿಡಿ ಅದಕ್ಕಿಂತ ಕೆಳಗೆ, ಕತ್ತಲಲ್ಲಿ ಅಡಗಿರುತ್ತದೆ. ಹೊಸಬರು ಅದನ್ನು ಎಳೆಯಲು ಹೋಗಿ ಇದನ್ನು ಎಳೆಯುತ್ತಾರೆ.

ಢಬ್ ಎಂದು ಬ್ರೇಕ್ ಬಿಟ್ಟುಕೊಂಡಿತು. ಕಾರು ಒಂದು ಸಲ ಜೋಲಿ ಹೊಡೆದು ಹಿಂದಕ್ಕೆ ಜರುಗಿತು. ಚಕ್ರದ ಕೆಳಗೆ ಇಟ್ಟಿಗೆ ಕರಕರ ಎಂದಿತು. ಗೇರು ಪಾರ್ಕಿಂಗಿನಲ್ಲಿತ್ತು, ಅದು ಗೇಣಿನಷ್ಟೂ ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಭಾವನನ್ನು ಕಂಡು ಅತ್ತ ಒಂದು ಹೆಜ್ಜೆ ಇಟ್ಟೇಬಿಟ್ಟೆ.

"ನಿಲ್ಸಿ!" ಎಂದು ಚೀರಿದ್ದು ಅಕ್ಕ. "ಅಯ್ಯೋ, ನಿಲ್ಸಿ ಅದನ್ನ!"

"ಬರಬೇಡ!" ಭಾವ ಅಲ್ಲಿಂದಲೇ ಕಿರುಚಿದ. "ನನಗೇನೂ ಆಗಲ್ಲ ಕಣೇ, ಅಲ್ಲೇ ನಿಲ್ಲು!"

ಅಕ್ಕ ನಿಲ್ಲಲಿಲ್ಲ. ಹೊಸಿಲು ದಾಟಿ ಓಡಿಬಂದಳು. ಡಾಕ್ಟರ ತಮ್ಮನನ್ನು ಪಕ್ಕಕ್ಕೆ ತಳ್ಳಿ, ಕಿಟಕಿಯೊಳಗೆ ಸೊಂಟದವರೆಗೂ ಬಗ್ಗಿ, ತೀರಾ ಕೆಳಗಿದ್ದ ಹಿಡಿಯನ್ನು ನೋಡದೆಯೇ ಎಳೆದಳು. ಮುಂದೆ ಹೋದಳು. ಮೂತಿಯ ಜಾಲರಿಯಿಂದ ಹೊರಚಾಚಿದ್ದ ಸಣ್ಣ ನಾಲಿಗೆಯನ್ನು ಜಗ್ಗಿ ಬಾನೆಟ್ ಎತ್ತಿದಳು. ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು, ಮಣಿಕಟ್ಟು ಎಲ್ಲಿಗೂ ತಾಗದ ಹಾಗೆ ಓರೆ ಮಾಡಿ, ಬಿಸಿ ಇಂಜಿನ್ನಿನ ಸಂದಿಯೊಳಗೆ ಕೈ ಇಳಿಸಿ ಒಂದು ಪುಟ್ಟ ಸನ್ನೆಕೋಲನ್ನು ಒತ್ತಿ ಹಿಡಿದಳು.

ಇಂಜಿನ್ ಒಮ್ಮೆ ನಡುಗಿ ನಿಂತಿತು.

ಆ ಮೌನದಲ್ಲಿ ಹಿಂದಿನ ಬಾಗಿಲಿನ 'ಸ್‌ಸ್‌ಸ್' ಕೂಡ ಸಣ್ಣಗಾಗುತ್ತ ಅಡಗಿತು. ಅಕ್ಕ ಬಾನೆಟ್ಟಿನ ಕೆಳಗೆ ಬಗ್ಗಿದವಳು ಹಾಗೆಯೇ ಇದ್ದಳು. ತಾನೇನು ಮಾಡಿದೆನೆಂದು ಆಗ ಹೊಳೆದಿರಬೇಕು. ಮೆಲ್ಲಗೆ ಕೈ ಹೊರತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಚಿಕ್ಕಂದಿನಲ್ಲಿ ಸಕ್ಕರೆ ಕದ್ದು ಸಿಕ್ಕಿಬಿದ್ದಾಗ ಮಾಡುತ್ತಿದ್ದ ಹಾಗೆಯೇ.

ಅವಳ ಮಣಿಕಟ್ಟಿನ ಗಾಯ ಎಣ್ಣೆ ಸಿಡಿದದ್ದಲ್ಲ. ನನಗೆ ಅಳು ಬಂತು. ಇನ್ನೊಬ್ಬರನ್ನು ಹಿಡಿಯಲು ನಾನು ತೋಡಿದ ಗುಂಡಿಗೆ ನನ್ನ ಅಕ್ಕನನ್ನೇ ತಂದು ನಿಲ್ಲಿಸಿದ್ದೆ.

"ಸಾರ್," ಎಂದ ಭಾವ. "ಬರ್ಕೊಳ್ಳಿ. ನಾನೇ ಮಾಡಿದ್ದು. ಕೀ ತೆಗೆದೆ, ಗೇರ್ ಹಾಕ್ದೆ, ಆಮೇಲೆ ನಾನೇ ನಿಲ್ಲಿಸಿದೆ. ಎಲ್ಲಾ ನಾನೇ."

"ಇಷ್ಟು ದಿನ ಅಲ್ಲ ಅಂತಿದ್ದೆಯಲ್ಲಯ್ಯ?"

"ಈಗ ಹೌದು ಅಂತಿದ್ದೀನಲ್ಲ ಸಾರ್. ಕರ್ಕೊಂಡು ಹೋಗಿ."

"ಸುಳ್ಳು," ಎಂದಳು ಅಕ್ಕ. "ಇವರು ಅಂಗಡಿಯಲ್ಲಿದ್ರು. ನಾನು ಇವರಿಗೆ ಊಟದ ಡಬ್ಬಿ ತಂದೆ. ಇಂಜಿನ್ ಅಬ್ಬರಿಸ್ತಿತ್ತು, ಡಾಕ್ಟರು ಹಿಂದೆ... ಆಗಲೇ ಮುಗಿದುಹೋಗಿತ್ತು. ನಾನು ನಿಲ್ಲಿಸಿದೆ ಅಷ್ಟೇ. ಮದುವೆಯಾದ ಹೊಸದರಲ್ಲಿ ಇವರೇ ತೋರಿಸಿಕೊಟ್ಟಿದ್ರು. ನಿಲ್ಲಿಸಿದ್ದು ಮಾತ್ರ ನಾನು ಸಾರ್."

"ಓಡಿಸಿದ್ದು?"

ಅಕ್ಕ ತುಟಿ ಕಚ್ಚಿಕೊಂಡಳು.

ಅಲ್ಲಿಗೆ ನನ್ನ ವಾದದ ಕಥೆ ಮುಗಿಯಿತು. ನಿಲ್ಲಿಸಿದವರು ಬೇರೆ, ಓಡಿಸಿದವರು ಬೇರೆ. ಓಡಿಸಿದವರಿಗೆ ನಿಲ್ಲಿಸಲು ಗೊತ್ತಿರಬೇಕೆಂದೇ ಇಲ್ಲ. ಒಂದು ತಿರುಪು, ಒಂದು ಹಿಡಿ, ಒಂದು ಗೇರು ಕೈಗೆ ಸಿಕ್ಕರೆ ಸಾಕು.

ಇನ್‌ಸ್ಪೆಕ್ಟರು ಕಾರಿನ ಬಾಗಿಲ ಬಳಿ ನಿಂತು ಲಾಕಿನ ಗುಂಡಿಯನ್ನು ಬೆರಳಿನಿಂದ ಸವರುತ್ತಿದ್ದರು. ನಾನು ಅವರನ್ನು ಮಂದ ಬುದ್ಧಿಯವರೆಂದು ತಿಳಿದಿದ್ದೆ. ಅದೂ ನನ್ನ ತಪ್ಪೇ.

"ಒಂದು ವಿಷಯ ಹೇಳಯ್ಯಾ ಮೆಕ್ಯಾನಿಕ್ಕು," ಎಂದರು. "ಗುಂಡಿ ಮೇಲಿದ್ದಾಗ ನಾನು ಕೀ ತೆಗೆದೆ, ಇಂಜಿನ್ ನಿಂತೋಯ್ತು. ನೀನು ಕೀ ತೆಗೆದಾಗ ನಿಲ್ಲಲಿಲ್ಲ. ಅಂದ್ರೆ ಆಗ ಗುಂಡಿ ಕೆಳಗಿತ್ತು. ಬಾಗಿಲು ಮುಚ್ಚಿತ್ತು, ಲಾಕಾಗಿತ್ತು. ಹಿಂದಿನ ಬಾಗಿಲು ನೋಡ್ತಿದ್ದ ನೀನು ಹೊರಗಿಂದ, ಈ ಕಿಟಕಿಯೊಳಗೆ ಕೈ ಹಾಕಿ ಕೀ ತೆಗೆದಿದ್ದೀಯ. ಅಲ್ವಾ?"

ಭಾವ ಬೇಡಿ ಹಾಕಿದ ಕೈಗಳನ್ನೇ ನೋಡಿಕೊಂಡ.

"ಹಾಗಾದ್ರೆ ಒಳಗೆ ಕೂತು ಗುಂಡಿ ಒತ್ತಿದ್ದು ಯಾರು? ಯಾರು ಕೂತಿದ್ರು ಅಂತ ನೀನು ಕೀ ತೆಗೆದು ಜೇಬಿಗೆ ಹಾಕ್ಕೊಂಡೆ?"

ಭಾವನ ಮುಖ ಕಪ್ಪಿಟ್ಟಿತು. ಅವನು ಅಕ್ಕನನ್ನು ನೋಡಿದ, ಅಕ್ಕ ಅವನನ್ನು ನೋಡಿದಳು. ಇಬ್ಬರ ಬಾಯಿಗೂ ಒಂದೇ ಬೀಗ ಬಿದ್ದಿತ್ತು. ಅವರು ಒಬ್ಬರನ್ನೊಬ್ಬರು ಕಾಪಾಡುತ್ತಿಲ್ಲ, ಇಬ್ಬರೂ ಸೇರಿ ಇನ್ಯಾರನ್ನೋ ಕಾಪಾಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

ಎದುರು ರಸ್ತೆಯಿಂದ 'ಟಕ್' ಎಂದು ಕೇಳಿಸಿತು.

ಅಷ್ಟು ಸಣ್ಣ ಸದ್ದಿಗೆ ಯಾರೂ ತಿರುಗಿ ನೋಡಬೇಕಾಗಿರಲಿಲ್ಲ. ಆದರೆ ಅಕ್ಕನೂ ಭಾವನೂ ಒಟ್ಟಿಗೆ, ಬೆಚ್ಚಿಬಿದ್ದವರಂತೆ ತಿರುಗಿದರು. ನಾನೂ ತಿರುಗಿದೆ.

ಅಮ್ಮ ನನ್ನ ಕಾರಿನಿಂದ ಇಳಿದಿದ್ದಳು. ತೆರೆದ ಕಿಟಕಿಯೊಳಗೆ ಕೈ ಹಾಕಿ ಗುಂಡಿ ಒತ್ತಿ, ಬಾಗಿಲ ಹಿಡಿಯನ್ನು ಎಳೆದೆಳೆದು ನೋಡುತ್ತಿದ್ದಳು. ಸರಿಯಾಗಿ ಬಿದ್ದಿದೆ ಎಂದು ಖಾತ್ರಿಯಾದ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಎಡಬಲ ನೋಡಿ ರಸ್ತೆ ದಾಟತೊಡಗಿದಳು. ಪೊಲೀಸ್ ಫೋಟೋದ ಕಾರಿನಲ್ಲೂ ಹೀಗೆಯೇ, ಗಾಜು ಇಳಿದಿತ್ತು, ಗುಂಡಿ ಒಳಗೆ ಹೋಗಿತ್ತು.

"ಏನ್ ಸರ್ವೇಯರಮ್ಮ," ಇನ್‌ಸ್ಪೆಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. "ನಿಮಗೇನೋ ಗೊತ್ತಾದ ಹಾಗಿದೆ?"

ಅಮ್ಮ ರಸ್ತೆಯ ನಡುವೆ ಬಂದಿದ್ದಳು. ಅಕ್ಕ ಬೆನ್ನ ಹಿಂದಿದ್ದ ಸುಟ್ಟ ಕೈಯಿಂದ ನನ್ನ ಬೆರಳುಗಳನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು.